ಸೂಕ್ಷ್ಮ ಪರದೆಯ ಹೆಮ್ಮೆ

ಒಂದು ಮನೆಯ ಕಂಪ್ಯೂಟರ್ ಪರದೆಗೆ ತನ್ನ ಸೂಕ್ಷ್ಮತೆಯ ಬಗ್ಗೆ ಬಹಳ ಹೆಮ್ಮೆ. ಅದು ಉದ್ದನೆಯ ಪತ್ರವನ್ನೂ ಇರುವೆಸಾಲಿನಂಥ ಪುಟ್ಟ ಅಕ್ಷರಗಳಲ್ಲಿ ಒಂದೇ ನೋಟಕ್ಕೆ ತೋರಿಸುತ್ತಿತ್ತು. ಕಾಯಿಲೆಯ ತಂಗಿ ಬರೆದ ಪತ್ರವನ್ನು ಓದಲಾರದ ಮನೆಯೊಡತಿ ಸೆವ್ರಿನ್ ಬಾಯಿ ತನ್ನ ಕಣ್ಣನ್ನೇ ದೂರಿ, ಇನ್ನು ಈ ಯಂತ್ರ ಬೇಡವೆಂದು ಕಸೂತಿಯ ಮುಸುಕನ್ನು ತರಲು ಎದ್ದಳು.

"ಪರದೆಯವರೇ, ಈ ಮನೆಯಲ್ಲಿ ಮುಸುಕು ಹೊದ್ದ ಹೊಲಿಗೆ ಯಂತ್ರ ಮತ್ತೆ ಬೆಳಕು ಕಂಡಿಲ್ಲ," ಎಂದಿತು ಮೌಸ್. "ರೆಸಲ್ಯೂಶನ್ ಸ್ವಲ್ಪ ಇಳಿಸಿ ಅಕ್ಷರಗಳನ್ನು ದೊಡ್ಡದು ಮಾಡೋಣವೇ?"

"ಇಳಿಸಿದರೆ ನನ್ನ ಅಂಚುಗಳು ಮಸುಕಾಗುತ್ತವೆ. ನನ್ನ ಘನತೆಯ ಗತಿಯೇನು?"

"ಮುಸುಕಿನೊಳಗೆ ನಿಮ್ಮ ಅಂಚುಗಳನ್ನು ಯಾರು ನೋಡುತ್ತಾರೆ?"

ಪರದೆ ಕ್ಷಣಕಾಲ ಕಪ್ಪಾಯಿತು. ಮರಳಿ ಬೆಳಗಿದಾಗ ಅಕ್ಷರಗಳು ದೊಡ್ಡವಾಗಿದ್ದವು. ಮುಸುಕು ಹಿಡಿದು ಮರಳಿದ ಸೆವ್ರಿನ್ ಬಾಯಿ ಅದನ್ನು ಕಂಡು ಕುಳಿತು ಪತ್ರವನ್ನು ಗಟ್ಟಿಯಾಗಿ ಓದಿದಳು. ಇಷ್ಟು ದಿನ ತಾನು ತೋರಿಸುತ್ತಿದ್ದುದು ಏನೆಂದು ಪರದೆಗೂ ಆಗಲೇ ತಿಳಿಯಿತು: ತಂಗಿ ಗುಣಮುಖಳಾಗಿದ್ದಳು.