ಭುಜಂಗಯ್ಯನವರ ಎತ್ತರದ ಗಾದಿ

ಹರಳುಗಿರಿಯ ದೊರೆ ಕಸ್ತೂರಿ ನಾಯಕರು ಊರಿನ ಎಲ್ಲರಿಗಾಗಿ ಒಂದು ಶಾಲೆ ಕಟ್ಟಿಸಿದ್ದರು. ಕುಂಬಾರರು, ನೇಯ್ಗೆಯವರು, ಗಂಡ ಸತ್ತ ಹೆಂಗಸರು, ಮೀಸೆ ನರೆತ ಸಿಪಾಯಿಗಳು, ಯಾರು ಬೇಕಾದರೂ ಬಂದು ಓದು ಕಲಿಯಬಹುದಿತ್ತು. ಅದರ ಹಿರಿಯ ವಿಶ್ವೇಶ ಪಂಡಿತರು. ಒಂದು ದಿನ ಅವರು ತುಂಬಿದ ಸಭೆಯಲ್ಲಿ ಎದ್ದು ನಿಂತು, "ದೊರೆಗಳೇ, ಏಳು ವರ್ಷ ಆಯಿತು. ಭೇದ ಮಾಡಿದರು, ಕಾಟ ಕೊಟ್ಟರು ಅಂತ ನನ್ನ ಕೈಗೆ ಒಂದೇ ಒಂದು ದೂರು ಬಂದಿಲ್ಲ" ಅಂದರು.

ನಾಯಕರಿಗೆ ಹಿಗ್ಗೋ ಹಿಗ್ಗು. ಬರುವ ಸೋಮವಾರ ಪಂಡಿತರಿಗೆ ಚಿನ್ನದ ಕಡಗ ತೊಡಿಸುವುದಾಗಿ ಸಾರಿಬಿಟ್ಟರು.

ಆಸ್ಥಾನದ ವಿದೂಷಕ ಓಬಣ್ಣನಿಗೆ ಮಾತ್ರ ಅನುಮಾನ. ಏಳು ವರ್ಷದಲ್ಲಿ ಅವನ ಸ್ವಂತ ಹೆಂಡತಿಯೇ ಅವನ ಮೇಲೆ ಏಳುನೂರು ದೂರು ಹೇಳಿದ್ದಳು. ಅಷ್ಟು ಜನ ಸೇರುವ ಶಾಲೆಯಲ್ಲಿ ಒಂದೂ ಇಲ್ಲವೆಂದರೆ ಹೇಗೆ?

ಮರುದಿನ ಬೆಳಿಗ್ಗೆ ಅರಮನೆಯ ಅಡುಗೆಮನೆಗೆ ಕುಂಬಾರ ಲಿಂಗಪ್ಪ ಗಡಿಗೆ ತಂದಿದ್ದ. ಜೊತೆಯಲ್ಲಿ ಮಗಳು ಮಾಳವ್ವ. ಪಾಠದ ಹೊತ್ತಿನಲ್ಲಿ ಗಡಿಗೆ ಹೊರುತ್ತಿದ್ದೀಯಲ್ಲ ಎಂದು ಓಬಣ್ಣ ಕೇಳಿದ. ಹುಡುಗಿ ನೆಲ ನೋಡಿದಳು. ಅಪ್ಪನೇ ಹೇಳಿದ, ಇವಳ ಶಾಲೆ ಬಿಡಿಸುತ್ತಿದ್ದೇನೆ ಅಂತ.

ಬಿಡಿಸಿ ಬಿಡಿಸಿ ಕೇಳಿದ ಮೇಲೆ ಮಾಳವ್ವ ಬಾಯಿಬಿಟ್ಟಳು. ಪಾಠ ಹೇಳುವವನು ಭುಜಂಗಯ್ಯ, ವಿಶ್ವೇಶ ಪಂಡಿತರ ಭಾವಮೈದುನ. ಕುಂಬಾರರ ಹುಡುಗಿ ಎಂದು ಅವಳನ್ನು ಬಾಗಿಲ ಹತ್ತಿರ, ಎಲ್ಲರೂ ಕಳಚಿಟ್ಟ ಕೆರಗಳ ಪಕ್ಕ ಕೂರಿಸುತ್ತಿದ್ದ. ಅದನ್ನು ಅವಳು ನುಂಗಿಕೊಂಡಿದ್ದಳು. ಆಮೇಲೆ ಒಂದು ದಿನ, ಎಲ್ಲರೂ ಹೋದ ಮೇಲೆ ಒಬ್ಬಳೇ ಉಳಿದು ನನ್ನ ಕಾಲು ಒತ್ತು ಅಂದ. ಅವಳು ಒಲ್ಲೆ ಅಂದಳು. ಅಂದಿನಿಂದ ಅವಳ ಪಾಠ ಒಪ್ಪಿಸಿಕೊಳ್ಳುವುದನ್ನೇ ಬಿಟ್ಟಿದ್ದ.

"ದೂರು ಕೊಡಲಿಲ್ಲವೇನವ್ವ?"

"ಮೂರು ಸಲ ಬರೆದುಕೊಟ್ಟೆ ಅಣ್ಣಾ. ಯಾರ ಮೇಲೆ ದೂರೋ ಅವರ ಕೈಗೇ ಕೊಡಬೇಕು, ಅವರೇ ಮೇಲಕ್ಕೆ ಕಳಿಸ್ತಾರೆ ಅಂತ ಪಂಡಿತರ ಕಟ್ಟಳೆ. ಭುಜಂಗಯ್ಯನೋರು ಇಸ್ಕೊಂಡು, ನೋಡೋಣ ಅಂದ್ರು. ಅಷ್ಟೇ."

ಬೇಲಿಯೇ ಹೊಲ ಮೇಯುವುದನ್ನು ಓಬಣ್ಣ ಕಂಡಿದ್ದ. ಹೊಲದ ದೂರನ್ನೂ ಬೇಲಿಯ ಕೈಗೇ ಕೊಡುವುದನ್ನು ಕಂಡಿರಲಿಲ್ಲ. ಅವನಿಗೆ ಮೈಯೆಲ್ಲ ಉರಿಯಿತು. ಆದರೆ ಉರಿದವನ ಮಾತು ಸಭೆಯಲ್ಲಿ ನಡೆಯದು ಎಂದು ಅವನು ಬಲ್ಲ.

ಅಂದೇ ಶಾಲೆಗೆ ಹೋಗಿ, ಸೋಮವಾರದ ಏರ್ಪಾಟು ಮಾತಾಡುವ ನೆಪದಲ್ಲಿ ಕೂತ. ಹಿರಿಯರಾದ ಪಂಡಿತರ ಗಾದಿ ಚಪಾತಿಯ ಹಾಗೆ ಇತ್ತು. ಭುಜಂಗಯ್ಯನ ಗಾದಿ ಮೊಣಕಾಲೆತ್ತರ. ಅವನು ಮಗ್ಗುಲು ಬದಲಿಸಿದಾಗೆಲ್ಲ ಒಳಗಿಂದ ಗರಗರ ಸದ್ದು. ಹತ್ತಿಗೆ ಅಂಥ ಸದ್ದು ಇರುವುದಿಲ್ಲ.

"ಇಷ್ಟು ಭವ್ಯವಾದ ಆಸನ ದೊರೆಗಳಿಗೂ ಇಲ್ಲ ಸ್ವಾಮಿ" ಎಂದು ಓಬಣ್ಣ ಕೈಮುಗಿದ. "ಸೋಮವಾರ ಇದನ್ನೂ ತನ್ನಿ. ಸಭೆ ನೋಡಲಿ."

ಭುಜಂಗಯ್ಯ ಉಬ್ಬಿಹೋದ. ಹೊಗಳಿದರೆ ತನ್ನ ಮನೆಯ ಬಾಗಿಲನ್ನೂ ಕಿತ್ತುಕೊಡುವ ಆಸಾಮಿ ಅವನು.

ಓಬಣ್ಣ ಅರಮನೆಗೆ ಬಂದು, ಪಂಡಿತರ ಗೌರವಕ್ಕಾಗಿ ಸೋಮವಾರ ಒಂದು ದಿನ ಸಭೆಯಲ್ಲೂ ಶಾಲೆಯ ಕಟ್ಟಳೆಯೇ ನಡೆಯಲಿ ಎಂದು ಬೇಡಿಕೊಂಡ. ನಾಯಕರು ಒಪ್ಪಿದರು. ಬಾಗಿಲು ಕಾಯುವ ಕಾಟಯ್ಯನ ಕಿವಿಯಲ್ಲಿ ಓಬಣ್ಣ ಏನೋ ಹೇಳಿದ. ಲಿಂಗಪ್ಪನಿಗೂ ಮಗಳನ್ನು ಕರೆದುಕೊಂಡು ಬಾ ಎಂದು ಹೇಳಿಕಳಿಸಿದ.

ಸೋಮವಾರ ಪಂಡಿತರು ಜರಿಶಾಲು ಹೊದ್ದು ಬಂದರು. ಹಿಂದೆ ಭುಜಂಗಯ್ಯ, ಅವನ ಹಿಂದೆ ಇಬ್ಬರು ಆಳುಗಳ ತಲೆಯ ಮೇಲೆ ಗಾದಿ. ಕಾಟಯ್ಯ ಪಂಡಿತರನ್ನು ತಡೆದು, ಸಭೆಯವರೆಲ್ಲ ಬಿಟ್ಟಿದ್ದ ಕೆರಗಳ ಪಕ್ಕ ಒಂದು ಹರಕು ಚಾಪೆ ತೋರಿಸಿದ.

ಇದೇನು ಅನ್ಯಾಯ ಎಂದು ಪಂಡಿತರು ಕೆಂಡವಾದರು.

"ದೂರಿದ್ರೆ ಬರೆದು ನನ್ನ ಕೈಗೇ ಕೊಡಿ ಬುದ್ಧಿ. ಇವತ್ತು ನಿಮ್ಮ ಕಟ್ಟಳೇನೇ" ಎಂದು ಕಾಟಯ್ಯ ವಿನಯದಿಂದ ಓಲೆಗರಿ, ಬರೆಯುವ ಕಂಟ ಎರಡನ್ನೂ ಕೊಟ್ಟ.

ಪಂಡಿತರು ಹಲ್ಲು ಕಚ್ಚಿಕೊಂಡು ಗೀಚಿಕೊಟ್ಟರು. ಕಾಟಯ್ಯ ಅದನ್ನು ಕಣ್ಣಿಗೊತ್ತಿಕೊಂಡು, ತನ್ನ ಮಣೆಯ ಮೇಲಿಟ್ಟು, ಅದರ ಮೇಲೆ ಕೂತುಬಿಟ್ಟ.

ಆಗ ಓಬಣ್ಣ ಸಭೆಯ ನಡುವೆ ಬಂದು, "ದೊರೆಗಳೇ, ಈವತ್ತು ಬಾಗಿಲಲ್ಲಿ ಯಾರಿಗೂ ತೊಂದರೆಯಾಗಿಲ್ಲ. ತಮ್ಮ ಕೈಗೆ ಒಂದು ದೂರೂ ಬಂದಿಲ್ಲ. ಕಡಗ ಕಾಟಯ್ಯನಿಗೂ ಸಲ್ಲಬೇಕು" ಅಂದ.

ಪಂಡಿತರಿಗೆ ತಡೆಯಲಾಗಲಿಲ್ಲ. ಚಾಪೆಯಿಂದ ಜಿಗಿದೆದ್ದರು. "ನನ್ನ ದೂರಿನ ಮೇಲೆ ಅವನು ಕೂತಿದ್ದಾನೆ ದೊರೆಗಳೇ. ಯಾರ ಮೇಲೆ ದೂರೋ ಅವನ ಕೈಗೇ ಕೊಟ್ಟರೆ ಅದು ತಮ್ಮವರೆಗೆ ಬರುವುದುಂಟೇ?"

ಹೇಳಿದ ಮೇಲೆ ತಾವು ಹೇಳಿದ್ದೇನೆಂದು ಅವರಿಗೇ ಕೇಳಿಸಿತು. ನಾಯಕರ ಮುಖದ ನಗು ಇಳಿಯಿತು.

"ಬರುವುದಿಲ್ಲ ಪಂಡಿತರೇ" ಅಂದ ಓಬಣ್ಣ. "ಎಲ್ಲಿಗೆ ಹೋಗುತ್ತದೆಂದು ತೋರಿಸುತ್ತೇನೆ." ಹೋಗಿ ಭುಜಂಗಯ್ಯನ ಗಾದಿಯ ಹೊಲಿಗೆ ಬಿಚ್ಚಿದ. ಕಟ್ಟುಕಟ್ಟು ಓಲೆಗರಿ ಸಭೆಯ ತುಂಬ ಹರಡಿತು. ನೇಯ್ಗೆಯವರದು, ಹೆಂಗಸರದು, ಸಿಪಾಯಿಗಳದು, ಏಳು ವರ್ಷದ್ದೂ ಇತ್ತು. ಎಲ್ಲಕ್ಕೂ ಮೇಲೆ ಮಾಳವ್ವನ ಮೂರು.

ನಾಯಕರು ಅವಳ ಗರಿ ಎತ್ತಿ ನೋಡಿದರು. ಅಕ್ಷರ ಮುತ್ತಿನ ಹಾಗಿತ್ತು. ಇನ್ನು ಮೇಲೆ ಶಾಲೆಯ ದೂರುಗಳು ನೇರ ಅರಮನೆಗೇ ಬರಬೇಕು, ಮಾಳವ್ವ ಮುಂದಿನ ಸಾಲಿನಲ್ಲಿ ಕೂತು ಓದಬೇಕು ಎಂದು ಅಪ್ಪಣೆಯಾಯಿತು. ಈ ಗರಿಗಳನ್ನೆಲ್ಲ ಈಗಲೇ ಅವಳೇ ಓದಲಿ, ಶಿಕ್ಷೆಯ ಮಾತು ಆಮೇಲೆ ಅಂದರು. ಲಿಂಗಪ್ಪ ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡ.

ಭುಜಂಗಯ್ಯನ ಗಾದಿಯಲ್ಲಿ ಉಳಿದದ್ದು ಬರೀ ಗವಸು. ಅವನು ಬೆವರುತ್ತ, ನಾನೆಲ್ಲಿ ಕೂರಲಿ ಎಂದು ಮೆಲ್ಲನೆ ಕೇಳಿದ.

"ತಮ್ಮ ಆಸನವನ್ನು ಈಗ ಓದುತ್ತಾರೆ ಸ್ವಾಮಿ" ಅಂದ ಓಬಣ್ಣ. "ಮುಗಿಯುವ ತನಕ ನಿಂತಿರಿ."

ನಾಯಕರು ರುಮಾಲು ಜಾರುವಷ್ಟು ನಕ್ಕು, ಕಡಗವನ್ನು ಓಬಣ್ಣನ ಕೈಗೆ ಹಾಕಿದರು.

ಮಾಳವ್ವ ಮೊದಲನೆಯ ಗರಿ ಎತ್ತಿಕೊಂಡಳು. ಅಂದು ಅವಳು ಒಂದಕ್ಷರವನ್ನೂ ಅವಸರದಲ್ಲಿ ಓದಲಿಲ್ಲ.