ಮಣ್ಣುಕಟ್ಟೆಗೆ ಬಂದ ದರ್ಜೆ

ಊರಿಗೆ ಕುಡಿಯುವ ನೀರು ಹಿಡಿದಿಟ್ಟಿದ್ದ ಪುಟ್ಟ ಮಣ್ಣುಕಟ್ಟೆಯ ಮೇಲೆ ಎಂಜಿನಿಯರರು ‘ಅತಿ ಅಪಾಯದ ದರ್ಜೆ’ ಎಂಬ ಫಲಕ ನೆಟ್ಟು ಹೋದರು. ಅದರ ಏರಿಯಲ್ಲಿ ಬಿಲ ತೋಡುತ್ತಿದ್ದ ಏಡಿ ನಕ್ಕಿತು: “ಏನಜ್ಜಾ, ಮೈ ಸಡಿಲವಾಯಿತೇ?”

“ನನ್ನಲ್ಲಿ ಒಂದು ಬಿರುಕೂ ಇಲ್ಲ,” ಎಂದಿತು ಕಟ್ಟೆ, ಅವಮಾನದಿಂದ ಕುಗ್ಗಿ. “ಮೂರಾಳೆತ್ತರದ ನನ್ನಿಂದ ಯಾರಿಗೇನು ಅಪಾಯ?”

ಮೇಲೆ ಸುತ್ತುತ್ತಿದ್ದ ಗರುಡ ಹೇಳಿತು: “ದರ್ಜೆ ಕೊಟ್ಟದ್ದು ನಿನ್ನ ಮೈ ನೋಡಿಯಲ್ಲ, ನೀನು ಒಡೆದರೆ ಮುಳುಗುವವರನ್ನು ನೋಡಿ. ನಿನ್ನ ಬೆನ್ನ ಹಿಂದೆ ಮುನ್ನೂರು ಮನೆಗಳಿವೆ, ತೊಟ್ಟಿಲುಗಳಿವೆ. ಎಲ್ಲರೂ ನಿನ್ನನ್ನು ನಂಬಿ ಮಲಗುತ್ತಾರೆ.”

ಹುಟ್ಟಿದಂದಿನಿಂದ ನೀರನ್ನೇ ನೋಡಿಕೊಂಡಿದ್ದ ಕಟ್ಟೆ ಮೊದಲ ಸಲ ಹಿಂದಿನ ಮನೆಗಳತ್ತ ತಿರುಗಿ ನೋಡಿತು. ಆಮೇಲೆ, “ಏಡಿ, ಬಿಲ ಬಿಟ್ಟು ಹೊರಡು,” ಎಂದಿತು.

“ಸಣ್ಣ ತೂತು, ಇರಲಿ ಎಂದು ನಿನ್ನೆ ನೀನೇ ಹೇಳಿದ್ದೆಯಲ್ಲ?”

“ನಿನ್ನೆ ನನ್ನನ್ನೂ ಸಣ್ಣವನೆಂದುಕೊಂಡಿದ್ದೆ.”