ಭಂಗಿ ಗೊಂಚಲಿಗೆ ಸೂರ್ಯನ ಬೆವರು ಹತ್ತಿದ್ದು

ಕೇಳ್ರೋ ಮಕ್ಕಳೇ! ಈ ಕಥೆಯನ್ನು ನಮ್ಮೂರಿನವರಷ್ಟು ಚೆನ್ನಾಗಿ ಹೇಳೋರು ಸೀಮೇಲಿಲ್ಲ. ನಮ್ಮೂರಲ್ಲಿ ನನ್ನಷ್ಟು ಚೆನ್ನಾಗಿ ಹೇಳೋರೂ ಇಲ್ಲ!

ಭೂಮಿಯ ಮೈ ಇನ್ನೂ ಹಸಿಯಾಗಿತ್ತು. ಸೂರ್ಯ ನೆಂಟನಂತೆ ಗಿಡಗಳ ಹತ್ತಿರ ಬಂದು ಮಾತಾಡುತ್ತಿದ್ದ. ಜಾಲಿಗೆ ಮುಳ್ಳು ಕೊಟ್ಟ. ಬೇವಿಗೆ ಕಹಿ ಕೊಟ್ಟ. ಎಕ್ಕಕ್ಕೆ ಉರಿಯುವ ಹಾಲು ಕೊಟ್ಟ. ಭಂಗಿ ಗಿಡ ಮಾತ್ರ ಗಾಳಿಯ ಜೊತೆ ಕುಣಿಯುತ್ತಾ ಏನೂ ಕೇಳಲಿಲ್ಲ.

ಆಡಿನ ಹಿಂಡು ಬಂತು. ಚಿಗುರಿದರೆ ಬೋಳು, ಹೂ ಬಿಟ್ಟರೆ ಬೋಳು! ಕೊನೆಗೆ ಇಡೀ ಭೂಮಿಯಲ್ಲಿ ಉಳಿದದ್ದು ಒಂದೇ ಭಂಗಿ ಗಿಡ, ಅದರ ತುದಿಯಲ್ಲಿ ಒಂದೇ ಗೊಂಚಲು. ಬೀಜ ಬಲಿಯಲು ಇನ್ನೂ ಮೂರು ದಿನ ಬೇಕು.

"ಸೂರ್ಯಣ್ಣಾ, ನಂಗೂ ಏನಾದ್ರೂ ಕೊಡಣ್ಣ!"

"ಈಗ ಬಂದ್ಯಾ? ಮುಳ್ಳು ಖಾಲಿ, ಕಹಿ ಖಾಲಿ. ನನ್ನ ಹಣೆ ಬೆವರಿದೆ ನೋಡು."

"ಅದನ್ನೇ ಕೊಡು!"

ಸೂರ್ಯ ಬೆವರು ಕೊಡವಿದ. ಪಟಪಟ! ಗೊಂಚಲ ತುಂಬ ಹನಿ. ಜೇನಿನಂತೆ ಅಂಟು, ಮೂಗಿಗೆ ಅಡರುವ ಘಾಟು.

ಅಷ್ಟರಲ್ಲಿ ಬಂದೇ ಬಂತು ಹಿಂಡು. ಮುಂದೆ ಗಂಟೆ ಕಟ್ಟಿದ ಹೋತ ಕೊಂಬಣ್ಣ. ಅವನು ನಡೆದತ್ತ ನೂರು ಆಡೂ ನಡೆಯಬೇಕು. ಅವನು ತಿಂದು ತೇಗಿದ ಮೇಲೇ ಉಳಿದವರು ಬಾಯಿ ಹಾಕಬೇಕು. ಅದು ಹಿಂಡಿನ ಕಟ್ಟಳೆ.

"ಏನೇ ಬಡಕಲಿ, ಮೈಗೆ ಬೆಲ್ಲ ಬಳಕೊಂಡಿದ್ದೀಯಾ?" ಅಂತ ಕೊಂಬಣ್ಣ ಗೊಂಚಲಿನ ಅಂಚನ್ನು ಕಚಕ್ಕನೆ ಕಿತ್ತು ನುಂಗಿದ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನೋಡಿ ಮಜಾ! ಕಣ್ಣು ಕೆಂಪು, ಬಾಯಿ ಒಣಒಣ. ಹಿಹಿಹಿ ಅಂತ ನಗು. ಒಂದು ಹೆಜ್ಜೆ ಇಡಲು ಒಂದು ಯುಗ ಹಿಡಿದಂತಾಯ್ತು. ತನ್ನ ನೆರಳನ್ನೇ ಕಂಡು "ತೋಳ! ತೋಳ!" ಅಂದ, ಎದೆ ಡವಡವ.

"ಕೊಂಬಣ್ಣ ಮಾವ, ದಾರಿ ಎತ್ತ?" ಅಂದಳು ಹಿಂದಿದ್ದ ಎಳೆ ಆಡು.

"ದಾರಿ ಅಂದ್ರೆ ಏನಮ್ಮ?"

ಹೊಟ್ಟೆ ಮಾತ್ರ ಹಸಿವು ಹಸಿವು ಅಂತ ಕೂಗಿತು. ಭಂಗಿ ಗಿಡ ಗಡಗಡ ನಡುಗಿತು. "ಅಯ್ಯೋ, ಈ ಸೂರ್ಯಣ್ಣ ಇವನಿಗೆ ಮೊದಲಿಗಿಂತ ಜಾಸ್ತಿ ಹಸಿವು ಹುಟ್ಟಿಸಿಬಿಟ್ನಲ್ಲಪ್ಪಾ!"

ಕೊಂಬಣ್ಣ ಗೊಂಚಲಿಗೆ ಬಾಯಿ ಚಾಚಿದ. ಚಾಚಿದವನು ಹಾಗೇ ನಿಂತ.

"ನಾನು ಏನು ತಿನ್ನೋಕೆ ಬಂದಿದ್ದೆ?"

ಮರೆತೇಹೋಗಿತ್ತು! ಗಿಡವನ್ನು ಒಂದು ಸುತ್ತು ಸುತ್ತಿದ. ಮತ್ತೆ ಸುತ್ತಿದ. ಅವನು ತೇಗಲೂ ಇಲ್ಲ, ನಿಲ್ಲಲೂ ಇಲ್ಲ. ಪಾಪ, ನೂರು ಆಡೂ ಬಾಲ ನೋಡಿಕೊಂಡು ಹಿಂದೆ ಹಿಂದೆ ಸುತ್ತಿದವು. ಒಂದಲ್ಲ, ಎರಡಲ್ಲ, ಮೂರು ದಿನ! ಗೊರಸಿಗೆ ನೆಲ ಹದವಾಯ್ತು, ಹಿಕ್ಕೆ ಬಿದ್ದು ಗೊಬ್ಬರವಾಯ್ತು. ಬಲಿತ ಬೀಜ ಚಟಚಟ ಉದುರಿ ಮೆತ್ತನೆ ಮಣ್ಣಲ್ಲಿ ಕೂತಿತು.

ಅದಕ್ಕೇ ಕಣ್ರೋ, ಇವತ್ತಿಗೂ ಭಂಗಿಯ ಗೊಂಚಲು ಅಂಟಂಟಾಗಿ ಘಾಟು ಹೊಡೆಯುತ್ತದೆ, ಅದನ್ನು ಬಾಯಿಗೆ ಹಾಕಿದವನು ಆಡಾಗಲಿ ಆಳಾಗಲಿ, ಕೆಂಪು ಕಣ್ಣು ಬಿಟ್ಟುಕೊಂಡು, ಹಸಿದುಕೊಂಡು, ಎಲ್ಲಿಗೆ ಹೊರಟಿದ್ದೆ ಅಂತ ಮರೆತು ಅಲ್ಲಲ್ಲೇ ಸುತ್ತುತ್ತಿರುತ್ತಾನೆ.